ಅವ್ವನ ಒಪ್ಪಿಗೆ ಪತ್ರ

ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟಿನಲ್ಲಿ ಎಂ.ಎಸ್ಸಿ. ಓದಲು ಮ್ಯಾಂಚೆಸ್ಟರಿಗೆ ಹೊರಟಿದ್ದೇನೆಂದಾಗ ದೊಡ್ಡಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ದಾಟಿಸಿ ಕೇಳಿದರು, "ಅಂದ್ರ ಪಂಚಾಯತ್ಯಾಗ ಪಿಡಿಓ ಇರ್ತಾನಲ್ಲ, ಅಂಥಾದ್ದ?"

"ಹಂಗ ಅನ್ರಿ. ಆದ್ರ ಎಲ್ಲಾ ದೇಶದ್ದು."

"ಪಿಡಿಓ ಆಗಾಕ ಇಲ್ಲೇ ಪರೀಕ್ಷಾ ಕಟ್ಟಿದ್ರ ಸಾಕು. ಅದಕ್ಕ ಹೊಲದ ಮ್ಯಾಲೆ ಸಾಲಾ ತಗಿಬೇಕೇನ?"

ಕೋರ್ಸು ಮುಗಿದ ಮೇಲೂ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ನಮ್ಮೂರ ಪಂಚಾಯಿತಿಯ ಮೇಲೆ ದೊಡ್ಡಪ್ಪನಿಗಿರುವ ದೂರುಗಳು ಮೂರು: ಬಾರದ ನೀರು, ಬಂದರೂ ಕಾಣದ ಅನುದಾನ, ಉದ್ಘಾಟನೆಯ ಮರುದಿನವೇ ಬೀಗ ಬಿದ್ದ ಕಟ್ಟಡ. ಇವನ್ನೇ ಜಗತ್ತಿನ ಅಳತೆಗೆ ಹಿಗ್ಗಿಸಿದರೆ ನಮ್ಮ ಸಿಲಬಸ್. ದೊಡ್ಡಪ್ಪ ಬೈಯುವಾಗ ಅಡಿಟಿಪ್ಪಣಿ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಮ್ಯಾಂಚೆಸ್ಟರಿಗೂ ನಮ್ಮ ಧಾರವಾಡದ ಎರಿ ಹೊಲಕ್ಕೂ ಹಳೆಯ ನಂಟು ಎಂಬುದು ಅಲ್ಲಿಗೆ ಹೋದ ಮೇಲೆ ಗ್ರಂಥಾಲಯದಲ್ಲಿ ಚಳಿ ಕಾಯಿಸಿಕೊಳ್ಳುತ್ತ ಕೂತಾಗ ಗೊತ್ತಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಶೈರ್ ಗಿರಣಿ ಮಾಲೀಕರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಸಾಗಿಸಲು ಕಾರವಾರದಲ್ಲಿ ಬಂದರು ಬೇಕು ಎಂದು ಒತ್ತಡ ಹಾಕಿದರು. 1862ರಲ್ಲಿ ಕಾರವಾರವಿರುವ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಧಾರವಾಡವಿದ್ದ ಮುಂಬಯಿ ಪ್ರಾಂತಕ್ಕೆ ಜೋಡಿಸಲಾಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದೊಂದು ಹತ್ತಿ ಒತ್ತುವ ಯಂತ್ರಗಳನ್ನು ಹಡಗಿಗೆ ಹಾಕಿ ಕಳಿಸಿತು. ಯಂತ್ರ ಬಂದಿಳಿದವು, ಘಟ್ಟದ ರಸ್ತೆ ಮುಗಿದಿರಲಿಲ್ಲ. ಇದನ್ನು ತರಗತಿಯಲ್ಲಿ ಹೇಳಿದಾಗ ಕೆನ್ಯಾದ ಗೆಳೆಯನೊಬ್ಬ, "ಯಾವ ವರ್ಷದ ಪ್ರಾಜೆಕ್ಟ್ ಇದು, ಹೋದ ವರ್ಷದ್ದೇ?" ಎಂದು ಕೇಳಿದ.

ಈ ಕೋರ್ಸಿನ ವಿಚಿತ್ರವೆಂದರೆ ಪ್ರತಿ ವಾರವೂ ಹಿಂದಿನ ವಾರದ್ದು ಸುಳ್ಳು ಎಂದು ಕಲಿಸುತ್ತಾರೆ. ಮೊದಲು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್. 1949ರ ಜನವರಿ 20ರಂದು ಅಧಿಕಾರ ವಹಿಸಿಕೊಳ್ಳುವ ಭಾಷಣದಲ್ಲಿ ಹಿಂದುಳಿದ ನಾಡುಗಳಿಗೆ ಅಮೆರಿಕ ತನ್ನ ತಾಂತ್ರಿಕ ಜ್ಞಾನ ಹಂಚಲಿದೆ ಎಂದರು. ಅವತ್ತೊಂದೇ ದಿನ 200 ಕೋಟಿ ಜನ ಹಿಂದುಳಿದವರಾಗಿಬಿಟ್ಟರು ಎಂದು ಮೆಕ್ಸಿಕೋದ ಗುಸ್ತಾವೋ ಎಸ್ತೇವಾ ಲೇವಡಿ ಮಾಡಿದ್ದಾರೆ. ಅವರಲ್ಲಿ ನಮ್ಮ ಮುತ್ಯಾನೂ ಒಬ್ಬ. ಹಿಂದಿನ ರಾತ್ರಿ ಜೋಳದ ರೊಟ್ಟಿ ಉಂಡು ಸುಖವಾಗಿ ಮಲಗಿದ್ದನಂತೆ.

ಆಮೇಲೆ ಅಮೆರಿಕದ ಅರ್ಥಶಾಸ್ತ್ರಜ್ಞ ರೋಸ್ಟೋ. 1960ರ ಅವರ ಪುಸ್ತಕದ ಪ್ರಕಾರ ಎಲ್ಲ ದೇಶಗಳೂ ಐದು ಹಂತಗಳಲ್ಲಿ ಏರುತ್ತವೆ, ಮೂರನೆಯದು ಟೇಕಾಫ್. ನಾನು ಬೆಲ್ಟ್ ಕಟ್ಟಿಕೊಂಡು ಕೂತೆ. ಮರುವಾರ ಬಂದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಆಂದ್ರೆ ಗುಂಡರ್ ಫ್ರಾಂಕ್, ವಿಮಾನ ಏರುತ್ತಿರುವುದೇ ನಿಮ್ಮ ಜೇಬಿನ ಎಣ್ಣೆಯಿಂದ, ನೀವು ಬಡವರಾದದ್ದೇ ಅವರು ಶ್ರೀಮಂತರಾಗಲು ಎಂದು ಕೆಳಗಿಳಿಸಿದರು. ಅದಾದ ಮೇಲೆ ಕೊಲಂಬಿಯಾದ ಆರ್ತುರೋ ಎಸ್ಕೊಬಾರ್ ಬಂದು ಈ ಡೆವಲಪ್‌ಮೆಂಟ್ ಎಂಬುದೇ ಪಶ್ಚಿಮದವರು ಕಟ್ಟಿದ ಕಥೆ ಎಂದುಬಿಟ್ಟರು. ಹಾಗಾದರೆ ನಾನು ಕಟ್ಟಿದ ಫೀ? ಅದರ ಬಗ್ಗೆ ಅವರ ಪುಸ್ತಕದಲ್ಲಿ ಏನೂ ಇಲ್ಲ. ಒಂದು ವಿದ್ಯೆ ಬೇಡವೇ ಬೇಡ ಎಂದು ಅದೇ ವಿದ್ಯೆಯ ತರಗತಿಯಲ್ಲಿ ದುಡ್ಡು ಕೊಟ್ಟು ಕಲಿತು, ಪ್ರಬಂಧ ಬರೆದು, ಚೆನ್ನಾಗಿ ಬರೆದಿದ್ದೀಯೆಂದು ಅಂಕ ಪಡೆದು, ಅದರಲ್ಲೇ ನೌಕರಿ ಹುಡುಕುವುದು ಬೇರೆ ಯಾವ ಕೋರ್ಸಿನಲ್ಲೂ ಇರಲಿಕ್ಕಿಲ್ಲ. ವೈದ್ಯಕೀಯ ಕಾಲೇಜಿನಲ್ಲಿ ಹೀಗೆ ಮಾಡಿದರೆ ರೋಗಿಗಳು ಬರುವುದಿಲ್ಲ.

ನನಗೆ ಆಪ್ತರಾದವರು ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್. ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದವರು. 1948ರಲ್ಲಿ ಇದೇ ಮ್ಯಾಂಚೆಸ್ಟರಿನಲ್ಲಿ ಪ್ರೊಫೆಸರ್ ಆದವರು. 1952ರ ಆಗಸ್ಟಿನಲ್ಲಿ ಬ್ಯಾಂಕಾಕಿನ ರಸ್ತೆಯಲ್ಲಿ ನಡೆಯುತ್ತಿದ್ದಾಗ ಥಟ್ಟನೆ ಹೊಳೆಯಿತು ಎಂದು ಅವರೇ ಹೇಳಿಕೊಂಡ ಸಿದ್ಧಾಂತ 1954ರಲ್ಲಿ ಅಚ್ಚಾಯಿತು. ಅದರ ತಿರುಳು ಇಷ್ಟು: ಬಡ ದೇಶಗಳ ಹೊಲದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಜನ ಇದ್ದಾರೆ, ಅವರಲ್ಲಿ ಕೆಲವರನ್ನು ತೆಗೆದು ಕಾರ್ಖಾನೆಗೆ ಕಳಿಸಿದರೂ ಬೆಳೆ ಒಂದು ಕಾಳೂ ಕಡಿಮೆಯಾಗುವುದಿಲ್ಲ. ಓದುತ್ತಿದ್ದಂತೆ ಕಾಕಾ ಕಣ್ಣಮುಂದೆ ಬಂದು ನಿಂತರು, ಹನುಮಪ್ಪನ ಗುಡಿಯ ಕಟ್ಟೆ ಸಮೇತ. ತಡೆಯಲಾರದೆ ಫೋನ್ ಮಾಡಿದೆ. "ಕಾಕಾ, ನಿಮ್ಮಂಥವ್ರ ಬಗ್ಗೆ ಬರದಾವ್ರಿಗೆ 1979ರಾಗ ನೊಬೆಲ್ ಬಂದೈತ್ರಿ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಅದರಾಗ ನಮ್ಮ ಪಾಲು ಎಷ್ಟ?"

ಫ್ರಾಂಕ್ ಇಡೀ ಪುಸ್ತಕ ಬರೆದು ಕೇಳಿದ್ದೂ ಇದನ್ನೇ.

ಬಡತನದ ಪಾಠ ನಡೆಯುತ್ತಿದ್ದುದು ಹೀಟರ್ ಹಾಕಿದ ಕೋಣೆಯಲ್ಲಿ. ವಿಶ್ವಬ್ಯಾಂಕಿನ ಬಡತನ ರೇಖೆ ದಿನಕ್ಕೆ ಒಂದು ಡಾಲರ್ ಎಂದು 1990ರಲ್ಲಿ ಶುರುವಾಗಿ, 1.25, 1.90, 2.15 ಎಂದು ಏರುತ್ತ 2025ರ ಜೂನಿನಲ್ಲಿ 3ಕ್ಕೆ ಬಂದು ನಿಂತಿದೆ. ಅದು ಬ್ಯಾಂಕಿನಲ್ಲಿ ಬದಲಿಸಿಕೊಳ್ಳುವ ಡಾಲರ್ ಅಲ್ಲ. ಅಮೆರಿಕದಲ್ಲಿ ಅಷ್ಟಕ್ಕೆ ಬರುವ ಸಾಮಾನು ನಮ್ಮ ಸಂತೆಯಲ್ಲಿ ಎಷ್ಟಕ್ಕೆ ಬರುತ್ತದೋ ಅದರ ಲೆಕ್ಕ. ಸುಮ್ಮನೆ ಪೌಂಡನ್ನು ರೂಪಾಯಿಗೆ ಗುಣಿಸುತ್ತ ಕೂಡಬಾರದು ಎಂದು ಮೇಷ್ಟ್ರು ಸ್ಪಷ್ಟವಾಗಿ ಹೇಳಿದ್ದರು. ಆದರೂ ಚಹಾದ ಸಾಲಿನಲ್ಲಿ ನಿಂತ ಭಾರತೀಯನ ತಲೆ ನೂರರಿಂದ ಗುಣಿಸುವುದನ್ನು ಯಾವ ಸಿದ್ಧಾಂತವೂ ನಿಲ್ಲಿಸಲಾರದು. ಸಂಜೆ ವಿಲ್ಮ್ಸ್‌ಲೋ ರಸ್ತೆಯ ಖಾನಾವಳಿಯೊಂದರಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ವಿದ್ಯಾರ್ಥಿ ವೀಸಾದವರು ಪಾಠದ ದಿನಗಳಲ್ಲಿ ವಾರಕ್ಕೆ 20 ತಾಸಿಗಿಂತ ಹೆಚ್ಚು ದುಡಿಯುವಂತಿಲ್ಲ. ಪಕ್ಕದ ಸಿಂಕಿನಲ್ಲಿ ನೈಜೀರಿಯಾದ ಸಹಪಾಠಿ. ಅವನೂ ನಾನೂ ಕೂಡಿ ಬಿರಿಯಾನಿ ಹಂಡೆಗಳ ನಡುವೆ ಅಭಿವೃದ್ಧಿಯೆಂದರೆ ಸ್ವಾತಂತ್ರ್ಯ ಎಂಬ ಅಮರ್ತ್ಯ ಸೇನರ ಕಲ್ಪನೆಯನ್ನು ಚರ್ಚಿಸಿದಷ್ಟು ಸೆಮಿನಾರಿನಲ್ಲೂ ಯಾರೂ ಚರ್ಚಿಸಿರಲಿಲ್ಲ.

ಸೆಮಿನಾರಿನಲ್ಲಿ ನನಗೆ ಬೇರೆಯದೇ ಮರ್ಯಾದೆ ಇತ್ತು. ಬಾಂಗ್ಲಾದೇಶದ ನೆರೆ, ಬಿಹಾರದ ಶಾಲೆ, ನೇಪಾಳದ ಕಾಡು, ಯಾವುದರ ಮಾತು ಬಂದರೂ ಎಲ್ಲರೂ ನನ್ನತ್ತ ತಿರುಗಿ ಒಂದು ಕ್ಷಣ ಕಾಯುತ್ತಿದ್ದರು. ನಾನು ಕಂಡ ನೆರೆ ಮಲಪ್ರಭೆಯದು. ಆದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಮೂರು ದೇಶಗಳ ಪರವಾಗಿ ತಲೆಯಾಡಿಸುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಅದೇ ಮರ್ಯಾದೆ ನೌಕರಿಯ ಜಾಹೀರಾತಿನ ಮುಂದೆ ಇಲ್ಲವಾಗುತ್ತಿತ್ತು. ಎಲ್ಲದರಲ್ಲೂ ಫೀಲ್ಡ್ ಅನುಭವ ಕಡ್ಡಾಯ. ಜರ್ಮನಿಯ ಸಹಪಾಠಿ ಒಡಿಶಾದ ಹಳ್ಳಿಯಲ್ಲಿ ಮೂರು ತಿಂಗಳಿದ್ದು ಬಂದಿದ್ದಳು, ಅವಳಿಗಿತ್ತು. ಹಳ್ಳಿಯಲ್ಲೇ ಹುಟ್ಟಿ, ಹತ್ತಿ ಬಿಡಿಸಿ, ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ನನಗಿರಲಿಲ್ಲ. ಇದನ್ನೆಲ್ಲ ಅರ್ಜಿಯಲ್ಲಿ ಬರೆಯಬಹುದೇ ಎಂದು ನೌಕರಿ ಸಲಹೆ ಕೊಡುವವರನ್ನು ಕೇಳಿದೆ. ಬಹಳ ಸಮಾಧಾನದಿಂದ ಹೇಳಿದರು: "ಅದು ಅನುಭವ ಅಲ್ಲ, ಬಾಲ್ಯ."

ಸರಿ, ಆ ಬಾಲ್ಯದಲ್ಲಿ ಫೀಲ್ಡಿಗೆ ಬಂದವರನ್ನೂ ನೋಡಿದ್ದೇನೆ. 2000ದ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ ಧಾರವಾಡವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆಯಿತು. ಜೀಪಿನಲ್ಲಿ ಬಂದವರು ಊರವರನ್ನು ಗುಡಿಯ ಮುಂದೆ ಕೂಡಿಸಿ, ನಿಮ್ಮೂರ ನಕ್ಷೆಯನ್ನು ನೀವೇ ಬರೆಯಿರಿ ಎಂದು ರಂಗೋಲಿ ಪುಡಿ ಕೊಟ್ಟರು. ಪಿಆರ್‌ಎ ಎಂದು ಅದರ ಹೆಸರು, ಜನರೇ ಕೂತು ತಮ್ಮ ಊರನ್ನು ತಾವೇ ಅಳೆಯುವ ವಿಧಾನ. ಅದರ ದೊಡ್ಡ ಪ್ರಚಾರಕರು ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್; ಬೆಳೆಸಿದ್ದರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆಯ ಪಾಲೂ ದೊಡ್ಡದು. ನಮ್ಮೂರಲ್ಲಿ ಪುಡಿ ಹಿಡಿದವಳು ಅಮ್ಮ, ಅಂದರೆ ನಮ್ಮಜ್ಜಿ. ಆಕೆಗೆ ಊರಿಗಿಂತ ರಂಗೋಲಿ ದೊಡ್ಡದು. ಒಂದು ಕಡೆ ಒತ್ತುವರಿಯಾಗಿ ಸೊಟ್ಟಗಿದ್ದ ಕೆರೆ ನೋಡಲು ಚಂದ ಕಾಣುವುದಿಲ್ಲವೆಂದು ಎರಡೂ ಬದಿ ಸಮ ಮಾಡಿದಳು. ಒತ್ತುವರಿ ಮಾಡಿದವರು ಅಲ್ಲೇ ಕೂತಿದ್ದರು, ಬಾಯಿ ಬಿಡಲಿಲ್ಲ. ಖಾಲಿ ಉಳಿದ ಮೂಲೆಗೆ ಒಂದು ಕಮಲ ಬಿಟ್ಟಳು. ಜೀಪಿನವರಲ್ಲಿ ಒಬ್ಬರು ಅದೇನು ಎಂದು ಕೇಳಿ ಟಿಪ್ಪಣಿ ಮಾಡಿಕೊಂಡರು. ಯಾವುದೋ ವರದಿಯಲ್ಲಿ ನಮ್ಮೂರಿಗೆ ಇಲ್ಲದ ಹೂತೋಟವೊಂದು ಇದ್ದರೂ ಇರಬಹುದು.

ಚೇಂಬರ್ಸ್ ಬಗ್ಗೆ ನನಗೆ ತಕರಾರಿಲ್ಲ. 1983ರ ಪುಸ್ತಕದಲ್ಲೇ ಅವರು ಬರೆದಿದ್ದಾರೆ, ಪರಿಣತರು ಹಳ್ಳಿ ನೋಡುವುದು ಡಾಂಬರು ರಸ್ತೆ ಇರುವಲ್ಲಿ, ಮಳೆ ಇಲ್ಲದ ದಿನಗಳಲ್ಲಿ, ಊರ ಹಿರಿಯ ಗಂಡಸರ ಬಾಯಿಂದ ಎಂದು. ನಮ್ಮೂರ ಎರಿ ಮಣ್ಣಲ್ಲಿ ಮಳೆಗಾಲದಲ್ಲಿ ಜೀಪಿರಲಿ, ಎಮ್ಮೆಯೂ ಹೂತುಹೋಗುತ್ತದೆ. ಅವರು ಕಂಡೇ ಬರೆದವರು.

ಯೋಜನೆ ರೂಪಿಸುವ ಪಾಠದಲ್ಲಿ ಲಾಗ್‌ಫ್ರೇಮ್ ಎಂಬ ಕೋಷ್ಟಕ ಕಲಿಸಿದರು. 1969ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಎಐಡಿಗಾಗಿ ತಯಾರಾದದ್ದು. ನಾಲ್ಕು ಕಾಲಂ: ಏನು ಮಾಡುತ್ತೇವೆ, ಆಯಿತೆಂದು ಹೇಗೆ ಅಳೆಯುತ್ತೇವೆ, ಸಾಕ್ಷಿ ಏನು, ಕೊನೆಯದು ಯಾವುದನ್ನೆಲ್ಲ ನಂಬಿ ಹೊರಟಿದ್ದೇವೆ. ನಾನು ನಮ್ಮ ಕಡಲೆ ಹೊಲಕ್ಕೇ ಒಂದು ಮಾಡಿಕೊಟ್ಟೆ. ನಂಬಿಕೆಯ ಕಾಲಮ್ಮಿನಲ್ಲಿ ಬರೆದದ್ದು: ಹಿಂಗಾರಿ ಮಳೆ ಕೈಕೊಡುವುದಿಲ್ಲ, ಕಾಯಿಕೊರಕ ಬರುವುದಿಲ್ಲ, ರಾಶಿಯ ಹೊತ್ತಿಗೆ ದರ ಬೀಳುವುದಿಲ್ಲ, ಸೊಸೈಟಿಯಲ್ಲಿ ಗೊಬ್ಬರ ಸಿಗುತ್ತದೆ, ಕಾಕಾ ಒಂದು ದಿನವಾದರೂ ಹೊಲಕ್ಕೆ ಬರುತ್ತಾರೆ. ನಂಬಿಕೆಗಳು ವಿಪರೀತವಾದವು, ಯೋಜನೆ ಕಾರ್ಯಸಾಧುವಲ್ಲ ಎಂದು ಷರಾ ಬಂತು. ಅಪ್ಪನಿಗೆ ಓದಿ ಹೇಳಿದೆ. "ಅವಗ ಇಷ್ಟ ಲಗೂ ತಿಳೀತು ನೋಡು," ಎಂದು ಮೆಚ್ಚಿಕೊಂಡರು.

ಕೊನೆಗೆ ಸಂಶೋಧನಾ ಪ್ರಬಂಧ. ವಿಷಯ ಹೆಂಗಸರ ಸ್ವಸಹಾಯ ಸಂಘ. ಕರ್ನಾಟಕಕ್ಕೆ ಇದರಲ್ಲಿ ದೊಡ್ಡ ಹೆಸರಿದೆ: ಮೈರಾಡ 1980ರ ದಶಕದಲ್ಲಿ ಕಟ್ಟಿದ ಇಂಥ ಗುಂಪುಗಳನ್ನು ನೋಡಿಯೇ ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ತೆಗೆದದ್ದು. ನಮ್ಮವ್ವನೂ ಒಂದು ಸಂಘದ ಸದಸ್ಯೆ. ಹಾಗಾಗಿ ಫೀಲ್ಡಿಗೆ, ಎಂದರೆ ಮನೆಗೆ, ಬರಬೇಕಾಯಿತು. ಅದಕ್ಕೆ ಮೊದಲು ನೈತಿಕ ಪರಿಶೀಲನೆಯ ಅರ್ಜಿ. ಅವ್ವನ ಜತೆ ಮಾತಾಡುವುದರಿಂದ ಅವ್ವನಿಗೆ ಆಗಬಹುದಾದ ಅಪಾಯಗಳೇನು? ನನಗೆ ಆಗಬಹುದಾದ ಅಪಾಯಗಳೇನು? ನಿಮಗೂ ಮಾಹಿತಿದಾರರಿಗೂ ನಡುವೆ ಅಧಿಕಾರದ ಅಸಮತೆ ಇದೆಯೇ? ಇದೆ ಎಂದು ಬರೆದೆ. ಯಾರ ಕೈಯಲ್ಲಿ ಎಂದು ಅವರು ಕೇಳಿರಲಿಲ್ಲ.

ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ಮಾಡಿಕೊಂಡು ಒಲೆಯ ಮುಂದೆ ಕೂತು ಓದಿದೆ. ನೀವು ಸ್ವಇಚ್ಛೆಯಿಂದ ಭಾಗವಹಿಸುತ್ತಿದ್ದೀರಿ, ಯಾವ ಹೊತ್ತಿನಲ್ಲಿ ಬೇಕಾದರೂ ಕಾರಣ ಕೊಡದೆ ಹಿಂದೆ ಸರಿಯಬಹುದು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ಇದನ್ನ ನನ್ನ ಲಗ್ನದಾಗ ಯಾಕ ಯಾರೂ ಓದಲಿಲ್ಲ?" ಸಹಿ ಮಾತ್ರ ಹಾಕಲೊಲ್ಲೆ ಎಂದಳು. ನಿಮ್ಮಪ್ಪ ಹಿಂಗ ಒಂದ್ ಕಾಗದಕ್ಕ ಸಹಿ ಹಾಕಿ ಎಂಟೆಕರೆ ಆರೆಕರೆ ಆತು, ಎನ್ನುವುದು ಆಕೆಯ ವಾದ. ಬಾಯಿಮಾತಿನ ಒಪ್ಪಿಗೆಯೂ ನಡೆಯುತ್ತದೆಂದು ನಿಯಮದಲ್ಲಿತ್ತು. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಒಂದು ನಂಬರ್ ಕೊಡುತ್ತೇವೆ ಎಂದೆ. "ಯಾಕ? ನಾ ಏನ್ ಕಳವು ಮಾಡೀನೇನ? ಹೆಸರ್ ಹಾಕು, ತವರುಮನಿ ಊರೂ ಹಾಕು."

ರೆಕಾರ್ಡರ್ ಒತ್ತಿದೆ. ಅದರ ಕೆಂಪು ದೀಪ ಹೊತ್ತಿದ್ದೇ ತಡ, ಅವ್ವ ಸೆರಗು ಸರಿಮಾಡಿಕೊಂಡು, ದನಿ ಬದಲಿಸಿ, ನನಗೆ 'ರೀ' ಹಚ್ಚಿ ಮಾತಾಡತೊಡಗಿದಳು. "ಹೌದ್ರಿ ಸಾಹೇಬ್ರ, ಸಂಘದಿಂದ ಭಾಳ ಅನುಕೂಲ ಆಗೇತ್ರಿ. ಧೈರ್ಯಾ ಬಂದೈತ್ರಿ." ವರ್ಷಗಟ್ಟಲೆ ಬಂದುಹೋದ ಜೀಪುಗಳಿಗೆ ಹೇಳಿ ಹೇಳಿ ನುಣುಪಾದ ಉತ್ತರ. ಸಂಘದ ಸಾಲ ಯಾವುದಕ್ಕೆ ಬಳಸಿದಿರಿ ಎಂದರೆ ಎಮ್ಮೆ ಎಂದಳು. ನಮ್ಮ ಮನೆಯಲ್ಲಿ ಎಮ್ಮೆ ಇಲ್ಲ. ನಾನು ಹಿತ್ತಲ ಕಡೆ ನೋಡಿದೆ. ಆಕೆ ಕಣ್ಣು ಬಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದಳು. ಕುಕ್ಕರ್ ಸೀಟಿ ಹೊಡೆಯಿತು; ಕಾರಣ ಕೊಡದೆ ಹಿಂದೆ ಸರಿದಳು. ದೀಪ ಆರಿದ ಮೇಲೆ ಗೊತ್ತಾಯಿತು, ಆ ದುಡ್ಡು ನನ್ನ ವಿಮಾನದ ಟಿಕೀಟಿಗೆ ಹೋಗಿತ್ತು. ಸಂಶೋಧಕನೇ ಸಾಲದ ಫಲಾನುಭವಿ ಆಗಿದ್ದರೆ ಅದನ್ನು ಯಾವ ಅಧ್ಯಾಯದಲ್ಲಿ ಬರೆಯಬೇಕು ಎಂದು ಗೈಡಿಗೆ ಇಮೇಲ್ ಹಾಕಿದೆ. ತುಂಬ ಕುತೂಹಲಕಾರಿ ಎಂದು ಉತ್ತರ ಬಂತು, ಅಧ್ಯಾಯದ ಸಂಖ್ಯೆ ಬರಲಿಲ್ಲ.

ಉಳಿದ ಹೆಂಗಸರನ್ನು ಒಟ್ಟಿಗೆ ಮಾತಾಡಿಸಲು ಸಂಘದ ವಾರದ ಸಭೆಗೆ ಹೋದೆ. ದಾರಿಯಲ್ಲಿ ದೊಡ್ಡಪ್ಪ ತಡೆದು ಪಿಡಿಓ ಮೇಲೆ ಹೊಸ ದೂರೊಂದನ್ನು ಒಪ್ಪಿಸಿದ್ದರಿಂದ ತಡವಾಯಿತು. ತಡವಾಗಿ ಬಂದವರಿಗೆ ಹತ್ತು ರೂಪಾಯಿ ದಂಡ ಎಂದು ಅಧ್ಯಕ್ಷೆ ಹೇಳಿದರು. ನಾನು ಸದಸ್ಯನಲ್ಲ, ಸಂಶೋಧಕ ಎಂದೆ. "ಸಾಲಾ ತಗೊಂಡಿಯಲ್ಲ, ಎಮ್ಮಿ ಹೆಸರ್ಲೆ?" ಎಂದು ಹಿಂದಿನ ಸಾಲಿನಿಂದ ದನಿ ಬಂತು. ಎಲ್ಲರಿಗೂ ಗೊತ್ತಿತ್ತು. ಹತ್ತು ರೂಪಾಯಿ ಇಟ್ಟೆ. ಕ್ಷೇತ್ರಕಾರ್ಯದ ಖರ್ಚಿನಲ್ಲಿ ತೋರಿಸಲು ಒಂದು ರಸೀದಿ ಕೊಡಿ ಎಂದೆ. ರಸೀದಿ ಪುಸ್ತಕ ಇಲ್ಲ, ಠರಾವು ಪುಸ್ತಕದಾಗ ಬರಕೋತೀವಿ ಎಂದರು. ಆದರೆ ಬರೆಯುವ ಹುಡುಗಿ ಲಗ್ನವಾಗಿ ಹುಬ್ಬಳ್ಳಿಗೆ ಹೋಗಿದ್ದಳು. ಪುಸ್ತಕವೂ ಪೆನ್ನೂ ನನ್ನ ಮುಂದೆ ಬಂದವು. ದಿನಾಂಕ ಹಾಕಿ, ನನ್ನ ಹೆಸರು ಬರೆದು, ತಡವಾಗಿ ಬಂದದ್ದಕ್ಕೆ ದಂಡ ವಸೂಲಾಗಿದೆ ಎಂದು ಬರೆದೆ. "ಹಂಗ ಮುಂದ ಬ್ಯಾಂಕಿನ ಅರ್ಜಿನೂ ಬರದ್ಬಿಡು," ಎಂದು ಅಧ್ಯಕ್ಷೆ ಇನ್ನೊಂದು ಹಾಳೆ ಚಾಚಿದರು. "ಈ ಸಲ ಖರೇನ ಎಮ್ಮಿ."