ಮಣಿಕಟ್ಟಿನ ಮೀಮಾಂಸೆ

ಕನ್ನಡದ ವಿದ್ವತ್ತು ಇದುವರೆಗೆ ಅಂಗಿಯ ಕೊರಳಪಟ್ಟಿ ಹಿಡಿದು ಜಗಳವಾಡಿದೆಯೇ ಹೊರತು ತೋಳಿನ ತುದಿಯವರೆಗೆ ಇಳಿದು ಬಂದಿಲ್ಲ. ಆ ಕೊರತೆ ನೀಗುವ ಹೊಣೆ ಈಗ ಈ ಬಡ ಸಂಶೋಧಕನ ಮಣಿಕಟ್ಟಿಗೆ ಬಿದ್ದಿದೆ. ಅಧ್ಯಯನದ ವ್ಯಾಪ್ತಿ ದೊಡ್ಡದೇನಲ್ಲ. ಈ ಕಡೆ ದಾವಣಗೆರೆಯ ಮಂಡಿಪೇಟೆ, ಆ ಕಡೆ ಹರಿಹರದ ತುಂಗಭದ್ರಾ ಸೇತುವೆ, ನಡುವೆ ಸುಮಾರು 14 ಕಿಲೋಮೀಟರ್. ವಿಷಯ, ಫ್ರೆಂಚ್ ಕಫ್ ಮತ್ತು ಅದರ ಕಿವಿಯೋಲೆಯಂತಿರುವ ಕಫ್‌ಲಿಂಕ್.

ಮೊದಲು ಶಬ್ದನಿಷ್ಪತ್ತಿ. 'ಕಫ್' ಇಂಗ್ಲಿಷ್ ಪದವೆಂದು ನಂಬಿದವರು ಬಹಳ. ನಾವು ಒಪ್ಪುವುದಿಲ್ಲ. ವಾತ, ಪಿತ್ತ, ಕಫಗಳಲ್ಲಿ ಮೂರನೆಯದೇ ಇದರ ಮೂಲ. ನೆಗಡಿಯಾದ ಹುಡುಗ ಮೂಗನ್ನು ತೋಳಿನ ಯಾವ ಭಾಗಕ್ಕೆ ಒರೆಸಿಕೊಳ್ಳುತ್ತಾನೆಂದು ಕಂಡವರಿಗೆ ಬೇರೆ ಶಾಸನಾಧಾರ ಬೇಕಿಲ್ಲ. ಸಾಮಂತರು ಒಪ್ಪಿಸುತ್ತಿದ್ದ 'ಕಪ್ಪ'ದಿಂದ ಬಂತೆನ್ನುವ ಪೂರ್ವಪಕ್ಷವೂ ಉಂಟು. ಅಳಿಯನಿಗೆ ಸೂಟು, ಬೂಟು, ಕಫ್‌ಲಿಂಕ್ ಕೊಡಿಸುವವರು ಹೆಣ್ಣಿನ ಕಡೆಯವರೇ ಆದ್ದರಿಂದ ಅದನ್ನೂ ಪೂರ್ತಿ ತಳ್ಳಿಹಾಕುವ ಧೈರ್ಯ ನಮಗಿಲ್ಲ.

ಇನ್ನು 'ಫ್ರೆಂಚ್'. ಫ್ರಾನ್ಸಿನವರು ಇದನ್ನು ಫ್ರೆಂಚ್ ಕಫ್ ಅನ್ನುವುದೇ ಇಲ್ಲ. ತಮ್ಮ ಹಳೆಯ ಕೋವಿ ಸಿಪಾಯಿಗಳ ನೆನಪಿಗೆ ಮಸ್ಕಿಟೀರ್ ಕಫ್ ಅನ್ನುತ್ತಾರೆ. ಇಂಗ್ಲೆಂಡಿನವರ ಬಾಯಲ್ಲಿ ಇದು ಡಬಲ್ ಕಫ್. ದಾವಣಗೆರೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೆಂಗಳೂರಿನ ಬೋರ್ಡಿನ ಮೇಲೆಲ್ಲ 'ದಾವಣಗೆರೆ ಬೆಣ್ಣೆದೋಸೆ' ಎಂದಿರುತ್ತದೆ. ಊರೊಳಗಿನ ಹೋಟೆಲಿನಲ್ಲಿ ಕೂತವನು 'ಒಂದು ಬೆಣ್ಣೆ, ಒಂದು ಖಾಲಿ' ಅಂದರೆ ಸಾಕು.

ರಚನೆಗೆ ಬರೋಣ. ಸಾಮಾನ್ಯ ಅಂಗಿಯ ತೋಳುಪಟ್ಟಿಗೆ ಒಂದು ಕಾಜ, ಒಂದು ಗುಂಡಿ. ಫ್ರೆಂಚ್ ಕಫ್ಫಿನ ಪಟ್ಟಿ ಅದರ ಎರಡರಷ್ಟು ಉದ್ದ. ಅದನ್ನು ಹಿಂದಕ್ಕೆ ಮಡಚಿ, ಸಾಲಾಗಿ ನಿಲ್ಲುವ ನಾಲ್ಕು ಕಾಜಗಳಲ್ಲಿ ಕಫ್‌ಲಿಂಕ್ ತೂರಿಸಿ, ಹಿಂದಿನ ಪುಟ್ಟ ಕಡ್ಡಿಯನ್ನು ಅಡ್ಡ ತಿರುಗಿಸಬೇಕು. ಎರಡು ತೋಳಿಗೆ ಎಂಟು ಕಾಜ, ಗುಂಡಿ ಸೊನ್ನೆ. ದಾವಣಗೆರೆಯ ಚೌಕಿಪೇಟೆಯ ಕಡೆ ಒಬ್ಬ ಹಿರಿಯ ಟೈಲರಿಗೆ ಈ ತತ್ವವನ್ನು ಚಿತ್ರ ಬರೆದು ವಿವರಿಸಿದೆ. ಅವರು ಕನ್ನಡಕವನ್ನು ಹಣೆಗೇರಿಸಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಗುಂಡಿ ಕಳ್ಕಂಡಿರೋ ಅಂಗಿ ಭಾಳ ನೋಡೀನ್ರಿ, ಗುಂಡಿನೇ ಬ್ಯಾಡ ಅಂತ ಹೊಲ್ಸ್ಕಳೋರು ನೀವೇ ಮೊದ್ಲು" ಅಂದರು. ಕಾಜದ ಕೂಲಿ ಮಾತ್ರ ಎಂಟಕ್ಕೂ ಹಿಡಿದರು.

ಈ ರಚನೆಯ ಅಧ್ಯಾತ್ಮ ತಿಳಿಯಬೇಕಾದರೆ ಹರಿಹರಕ್ಕೆ ಹೋಗಬೇಕು. ಬರೀ ಹರಿಯಿಂದ ಸಾವಿಲ್ಲ, ಬರೀ ಹರನಿಂದಲೂ ಸಾವಿಲ್ಲ ಎಂದು ವರ ಪಡೆದಿದ್ದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದೇ ಮೈಯಾಗಿ ಬಂದರೆಂಬುದು ಸ್ಥಳಪುರಾಣ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಈಗ ನಿಮ್ಮ ಅಂಗಿ ನೋಡಿಕೊಳ್ಳಿ. ಮಾಮೂಲಿ ಕಫ್ಫಿನಲ್ಲಿ ಒಂದು ಅಂಚು ಮೇಲೆ, ಒಂದು ಕೆಳಗೆ. ಮೇಲಿನದು ದರ್ಪದಿಂದ ಮಲಗಿರುತ್ತದೆ, ಕೆಳಗಿನದು ಉಸಿರುಗಟ್ಟಿಕೊಂಡು ಬೆವರು ಕುಡಿಯುತ್ತಿರುತ್ತದೆ. ಫ್ರೆಂಚ್ ಕಫ್ಫಿನಲ್ಲಿ ಎರಡು ಅಂಚುಗಳೂ ಒಳಮೈಗೆ ಒಳಮೈ ತಾಗಿಸಿ, ಕೈಮುಗಿದಂತೆ ಸರಿಸಮ ನಿಲ್ಲುತ್ತವೆ. ಹರ ಒಂದು ಅಂಚು, ಹರಿ ಇನ್ನೊಂದು. ನಡುವೆ ತೂರಿದ ಪೋಲಾಳ್ವನೇ ಕಫ್‌ಲಿಂಕ್. ಇದನ್ನು ಸೇತುವೆಗೂ ವಿಸ್ತರಿಸಬಹುದು. 1956ರವರೆಗೆ ಈ ದಡ ಮೈಸೂರು, ಆ ದಡ ಮುಂಬಯಿ. ಎರಡು ಅಂಚಿಗೂ ತೂತು ಕೊರೆದು ಬಿಗಿದದ್ದು ಆ ಕಲ್ಲಿನ ಸೇತುವೆ. ಇದನ್ನು ಒಂದು ವಿಚಾರ ಸಂಕಿರಣದಲ್ಲಿ ಮಂಡಿಸಿದಾಗ ಅಧ್ಯಕ್ಷರು ಊಟಕ್ಕೆ ಹೊತ್ತಾಯಿತೆಂದು ಚೀಟಿ ಕಳಿಸಿದರು.

ಇತಿಹಾಸದಲ್ಲೂ ನಾವು ಹಿಂದೆ ಬಿದ್ದವರಲ್ಲ. ಯುರೋಪಿನವರು ಹದಿನೇಳನೆಯ ಶತಮಾನದಲ್ಲಿ ಎರಡು ಗುಂಡಿಗಳನ್ನು ಸಣ್ಣ ಸರಪಳಿಯಿಂದ ಸೇರಿಸಿ ಮಣಿಕಟ್ಟಿಗೆ ಹಾಕಿಕೊಂಡರು. ನಮ್ಮ ಅಡ್ಡಪಂಚೆಯ ಸಾಹುಕಾರರು ಅದೇ ಸರಪಳಿ ಗುಂಡಿಗಳನ್ನು, ಅದೂ ಚಿನ್ನದ್ದನ್ನು, ಜುಬ್ಬದ ಎದೆಗೆ ಹಾಕಿಕೊಂಡರು. ಜುಬ್ಬ ಒಗೆಯಲು ಹೋಗುವ ಮುಂಚೆ ಗುಂಡಿ ಬಿಚ್ಚಿ ಎಣಿಸಿ ಕಬ್ಬಿಣದ ಪೆಟ್ಟಿಗೆಗೆ ಸೇರಿಸುತ್ತಿದ್ದರು. ನಮ್ಮಜ್ಜನ ನಾಲ್ಕು ಗುಂಡಿಗಳು ಎರಡು ಸಲ ಗಿರವಿಗೆ ಹೋಗಿ ಬಂದು, ಈಗ ಅಕ್ಕನ ಕಿವಿಯಲ್ಲಿ ಜುಮುಕಿಯಾಗಿವೆ. ಪ್ಲಾಸ್ಟಿಕ್ ಗುಂಡಿಯ ಮೇಲೆ ಯಾವ ಬ್ಯಾಂಕು ಸಾಲ ಕೊಡುತ್ತದೆ?

ಇಲ್ಲಿ ಒಂದು ಗಂಭೀರ ಪ್ರಶ್ನೆ ಏಳುತ್ತದೆ. ದಾವಣಗೆರೆ ಹತ್ತಿಯ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ದಾವಣಗೆರೆ ಕಾಟನ್ ಮಿಲ್ಲಿನ ಸೈರನ್ ನಿಂತರೂ ಡಿಸಿಎಂ ಟೌನ್‌ಶಿಪ್ ಎಂಬ ಹೆಸರು ನಿಂತಿಲ್ಲ. ಹೊಳೆಯಾಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್‌ನವರು ಮರ ಅರೆದು ಬಟ್ಟೆನೂಲಿನ ಪಲ್ಪ್ ಮಾಡುತ್ತಾರೆ. ಈಚೆ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಮುಚ್ಚುವವರೆಗೂ ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿತು. ಅಂಗಿಗೆ ನೂಲು, ಲಿಂಕು ಕಡೆಯಲು ಲೇತು, ಹಾಕಿಕೊಳ್ಳಲು ಜನ, ಎಲ್ಲ ಇದ್ದೂ ಈ ಸೀಮೆ ಕಫ್‌ಲಿಂಕ್ ಸಾಮ್ರಾಜ್ಯ ಯಾಕಾಗಲಿಲ್ಲ?

ಕಾರಣ ಬೆಣ್ಣೆ. ಫ್ರೆಂಚ್ ಕಫ್ ಕೋಟಿನ ತೋಳಿನಿಂದ ಅರ್ಧ ಇಂಚು ಹೊರಗೆ ಇಣುಕಬೇಕೆಂಬುದು ಪಾಶ್ಚಾತ್ಯ ವಿಧಿ. ದೋಸೆಯ ಮೇಲಿಟ್ಟ ಬೆಣ್ಣೆಯುಂಡೆ ಕರಗಿ, ಬೆರಳ ಸಂದಿನಲ್ಲಿ ಇಳಿದು, ಅಂಗೈ ದಾಟಿ ಬಂದು ನಿಲ್ಲುವುದೂ ಸರಿಯಾಗಿ ಆ ಅರ್ಧ ಇಂಚಿಗೇ. ಮೊದಲ ದೋಸೆಗೆ ಕಫ್‌ಲಿಂಕ್ ಹೊಳೆಯುತ್ತದೆ, ಎರಡನೆಯದಕ್ಕೆ ಜಾರುತ್ತದೆ, ಮೂರನೆಯದಕ್ಕೆ ಆಲೂಗೆಡ್ಡೆ ಪಲ್ಯದಲ್ಲಿ ಸಿಗುತ್ತದೆ. ಮಂಡಕ್ಕಿಯೂ ಸಾಕ್ಷಿ ಹೇಳುತ್ತದೆ. ಮುಷ್ಟಿ ತುಂಬ ಮಂಡಕ್ಕಿ ಬಾಯಿಗೆ ಎಸೆದುಕೊಳ್ಳುವ ವೇಗಕ್ಕೆ ಮಡಚಿದ ಕಫ್ಫು ಮೊರದಂತೆ ಬಾಯ್ದೆರೆದು ಪಾಲು ಕೇಳುತ್ತದೆ. ತೋಳನ್ನು ಮೊಣಕೈಗೆ ಮಡಚಿ ತಿನ್ನುವ ಊರಿನಲ್ಲಿ ತೋಳಿನ ತುದಿಗೆ ಆಭರಣ ಹಾಕುವವನು ಹಸಿದಿಲ್ಲ ಅಂತಲೇ ಅರ್ಥ.

ಹೀಗಾಗಿ ಕಫ್‌ಲಿಂಕ್ ಈಗ ಉಳಿದಿರುವುದು ಆರತಕ್ಷತೆಯಲ್ಲಿ ಮಾತ್ರ, ಸಂಜೆ ಏಳರಿಂದ ಒಂಬತ್ತೂವರೆವರೆಗೆ. ಅದನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳುವುದು ಬಲು ಕಷ್ಟ. ಬಲಗೈಗೆ ಎಡಗೈ ಸಾಲದು, ಹಲ್ಲು ಬಳಸಿದರೆ ಅಂಗಿಗೆ ಎಂಜಲು. ಭಾವ ಬೇಕು, ತಮ್ಮ ಬೇಕು, ಟಾರ್ಚು ಹಿಡಿಯಲು ಒಬ್ಬ ಹುಡುಗ ಬೇಕು. ಇಷ್ಟು ಜನರನ್ನು ಮದುಮಗನ ಕೋಣೆಯಲ್ಲಿ ಬೆವರಿಸುವ ಶಕ್ತಿ ಬಾಸಿಂಗಕ್ಕೂ ಇಲ್ಲ.

ನಮ್ಮ ಅಕ್ಕನ ಮಗನ ಆರತಕ್ಷತೆ ಹರಿಹರದಲ್ಲಿ. ಡಬ್ಬಿ ತೆಗೆದರೆ ಒಂದೇ ಲಿಂಕು. ಇನ್ನೊಂದನ್ನು ಮಕ್ಕಳು ಚೌಕಾಬಾರದ ಕಾಯಿ ಮಾಡಿಕೊಂಡು ಆಡಿ, ಆಟದ ಜೊತೆ ಕಾಯಿಯನ್ನೂ ಮುಗಿಸಿದ್ದರು. ಭಾವ ಪಿನ್ನು ಚುಚ್ಚಿ ನೋಡಿದ, ಅತ್ತೆ ಅರಿಶಿನದ ದಾರ ತಂದರು. ಆಗ ಹುಡುಗನ ದೊಡ್ಡಪ್ಪ, ಮೂವತ್ತು ವರ್ಷ ಲೇತಿನ ಮುಂದೆ ನಿಂತವರು, "ಸರೀರಿ ಎಲ್ಲ ಆಕಡೆ" ಅಂದವರೇ ಸ್ಕೂಟರಿನ ಡಿಕ್ಕಿಯಿಂದ ಒಂದು ತಗಡಿನ ಡಬ್ಬಿ ತಂದರು. ನಾಲ್ಕು ಎಂಎಂ ಬೋಲ್ಟು, ಎರಡು ವಾಷರು, ಒಂದು ನಟ್ಟು. ಬೋಲ್ಟಿನ ತಲೆಯನ್ನು ಪಂಚೆಯ ತುದಿಗೆ ಉಜ್ಜಿದರು, ಬೆಳ್ಳಿಯ ಹಾಗೆ ಮಿಂಚಿತು. "ಕೈ ಕೊಡಿಲ್ಲಿ ತಮ್ಮಾ" ಎಂದು ಏಳರ ಸ್ಪ್ಯಾನರಿನಲ್ಲಿ ಬಿಗಿದು, ಅಲ್ಲಾಡಬಾರದೆಂದು ಮೇಲೊಂದು ಚೆಕ್‌ನಟ್ಟೂ ಹಾಕಿದರು.

ಎರಡೂವರೆ ಗಂಟೆ ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಎಡಗೈಗೆ ಹಾಕಿದ್ದ ಅಂಗಡಿಯ ಲಿಂಕು ಹತ್ತು ನಮಸ್ಕಾರಕ್ಕೇ ಕಳಚಿತು. ಫೋಟೋದವನು ಬೋಲ್ಟನ್ನೇ ಹತ್ತಿರದಿಂದ ಹೊಡೆದ. ಬೆಂಗಳೂರಿನಿಂದ ಬಂದಿದ್ದ ಹುಡುಗಿಯ ಚಿಕ್ಕಪ್ಪ ಬಗ್ಗಿ ನೋಡಿ ಯಾವ ಬ್ರ್ಯಾಂಡು ಅಂತ ಕೇಳಿದರು. "ಹರಿಹರದ್ದೇ" ಅಂದೆ, ತಲೆದೂಗಿದರು.

ಹತ್ತು ಗಂಟೆಗೆ ಮದುಮಕ್ಕಳನ್ನು ಎಲೆಯ ಮುಂದೆ ಕೂರಿಸಿದಾಗ ಹೋಳಿಗೆಗೆ ತುಪ್ಪ ಬಿತ್ತು, ಹುಡುಗನ ಬಲಗೈ ಮೇಲೇ ನಿಂತಿತು. ದೊಡ್ಡಪ್ಪ ಸ್ಪ್ಯಾನರನ್ನು ಜೇಬಿಗಿಟ್ಟುಕೊಂಡು ಆಗಲೇ ದಾವಣಗೆರೆಗೆ ಹೊರಟುಹೋಗಿದ್ದರು. ಕೊನೆಗೆ ಜನರೇಟರ್ ನೋಡಿಕೊಳ್ಳುವವನು ಕಟಿಂಗ್ ಪ್ಲೇಯರ್ ಹಿಡಿದು ಬಂದು, ಮದುಮಗನ ಕೈಯನ್ನು ದೀಪಕ್ಕೆ ಹಿಡಿದು ನೋಡಿ, "ಚೆಕ್‌ನಟ್ಟು ಬ್ಯಾರೆ ಹಾಕ್ಯಾರಲ್ರೀ" ಎಂದು ಎಲೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ.