ಬುದ್ಧ ಕಾಣೋ ಪ್ಲಾಟು

ಶಹಾಪುರದ ಚಹಾದಂಗಡಿ ಮುಂದ ಏಜೆಂಟ್ ನಕಾಶಿ ಬಿಚ್ಚಿದ.

“ಮಾಸ್ತರ್ರ, ಬುದ್ಧ ಮಲಗಿದಂಗಿರೋ ಬೆಟ್ಟ ಇಲ್ಲಿಂದ ಸೀದಾ ಕಾಣ್ತದ. ಅದಕ್ಕ ರೇಟ್ ಜಾಸ್ತಿ.”

“ಮಲಗಿದಾಂವಗೂ ಕಮಿಷನ್ ಅದ ಏನಪಾ?”

“ಚ್ಯಾಷ್ಟಿ ಬ್ಯಾಡ್ರಿ. ಯಾದಗಿರಿ 30ನೇ ಜಿಲ್ಲಾ ಆದಾಗಿಂದ ಮಣ್ಣಿಗಿ ಬಂಗಾರದ ಬೆಲಿ.”

“ರೋಡ್?”

“ನಕಾಶ್ಯಾಗ ಅದ, 40 ಫೂಟ್.”

“ಗಟಾರ?”

“ಆ ನೀಲಿ ಗೀಟು ನೋಡ್ರಿ.”

“ನೀರು?”

“ನಾರಾಯಣಪುರ ಡ್ಯಾಮಿನ ಕಾಲುವಿ ಅದಲ್ರಿ!”

“ಅದು ಹೊಲಕ್ಕ ಬಿಡೋ ನೀರು.”

“ಇದೂ ಮೊನ್ನಿತನ ಭತ್ತದ ಗದ್ದಿನೇ ಇತ್ತಲ್ರಿ.”

(ಪರೀಕ್ಷಾದಾಗ ಇಂಥಾ ಉತ್ತರ ಬರೆದಿದ್ರ ಮಾಸ್ತರ್ರು ಪೂರಾ ಮಾರ್ಕ್ಸ್ ಹಾಕ್ತಿದ್ರು.)

“ಸುರಪುರದ ಗುಡ್ಡದ ಮ್ಯಾಲ ಬ್ರಿಟಿಷರ ಕಾಲದ ಟೇಲರ್ ಸಾಹೇಬನ ಬಂಗ್ಲೆ ಇನ್ನೂ ನಿಂತದ. ಯಾಕ ಹೇಳು?”

“ವ್ಯೂ ಛಲೋ ಅದ.”

“ಆಗ ಏಜೆಂಟ್ ಇರಲಿಲ್ಲ.”

“ಹೌದೇನ್ರಿ? ಹಂಗಾರ ಆ ಗುಡ್ಡದ ಬುಡಕ್ಕ ಜಾಗಾ ಖಾಲಿನೇ ಇರಬೇಕು!”