ಮೈಲಾರಿಯ ಪಥ್ಯ

ನಾಯಿಗೆ ಅಲರ್ಜಿಯಾದರೆ ನಮ್ಮ ಹಾಗೆ ಸೀನುತ್ತಾ ಕೂರುವುದು ಕಡಿಮೆ. ಅದು ಕೆರೆದುಕೊಳ್ಳುತ್ತದೆ. ಪಾದ ನೆಕ್ಕುತ್ತದೆ, ಮುಸುಡಿಯನ್ನು ಸೋಫಾಕ್ಕೆ ಉಜ್ಜುತ್ತದೆ, ಕಿವಿಗೆ ಪದೇ ಪದೇ ಸೋಂಕು ತಗುಲಿ ತಲೆ ಒದರುತ್ತದೆ. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಗೋಲ್ಡನ್ ರಿಟ್ರೀವರ್ ಇದಿಷ್ಟನ್ನೂ ಎಲ್ಲರೂ ಮಲಗಿದ ಮೇಲೆಯೇ ಶುರುಮಾಡುತ್ತಿದ್ದ. ಮಕ್ಕಳು ಇಟ್ಟ ಹೆಸರು ಮೈಲೋ. ಬಳ್ಳಿಗಾವಿಯಿಂದ ಬಂದ ಅಮ್ಮ ಬಂದ ದಿನವೇ ಮೈಲಾರಿ ಮಾಡಿದರು. ಮೈಲೋ ಎಂದು ಕರೆದರೆ ಸ್ನಾನ, ಮೈಲಾರಿ ಎಂದರೆ ರೊಟ್ಟಿ ಎಂಬುದು ಅವನಿಗೆ ಬೇಗ ಗೊತ್ತಾಯಿತು.

ಮೊದಲ ಚಿಕಿತ್ಸೆ ಅಮ್ಮನದೇ. ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹೊಟ್ಟೆಗೂ ಪಾದಕ್ಕೂ ಹಚ್ಚಿದರು. ಅರ್ಧ ಅವನು ನೆಕ್ಕಿದ, ಉಳಿದರ್ಧ ಕಾರ್ಪೆಟ್ ಕುಡಿಯಿತು. ಅಡುಗೆಮನೆಯಿಂದ ನಮ್ಮ ಮಂಚದವರೆಗೆ ಹಳದಿ ಹೆಜ್ಜೆಗಳು. "ಅಷ್ಟಮಿಗೆ ಮುಂಚೆಯೇ ಕೃಷ್ಣ ಬಂದಿದಾನೆ" ಎಂದಳು ಹೆಂಡತಿ. ಧ್ವನಿಯಲ್ಲಿ ಭಕ್ತಿ ಇರಲಿಲ್ಲ.

ಪಶುವೈದ್ಯೆ ಬಾಲದ ಬುಡದ ಕೂದಲು ಬಿಡಿಸಿ ಮೊದಲು ಚಿಗಟ ಹುಡುಕಿದರು. ಚಿಗಟದ ಜೊಲ್ಲು ಆಗದ ನಾಯಿಗೆ ಒಂದೆರಡು ಕಡಿತವೇ ಸಾಕಂತೆ. ಚಿಗಟ ಇರಲಿಲ್ಲ. ವಸಂತದಲ್ಲಷ್ಟೇ ಕೆರೆದುಕೊಂಡರೆ ಓಕ್, ಬರ್ಚ್ ಮರಗಳ ಪರಾಗವನ್ನು ಬೈಯಬಹುದು. ವರ್ಷವಿಡೀ ಆದರೆ ಮನೆಯ ಧೂಳಿನ ಹುಳ, ಇಲ್ಲವೇ ಊಟ. ಊಟದ ಅಲರ್ಜಿಗೆ ನೆಚ್ಚಬಹುದಾದ ರಕ್ತಪರೀಕ್ಷೆ ಇಲ್ಲ, ಪಥ್ಯವೇ ಪರೀಕ್ಷೆ. ಎಂಟು ವಾರ ಅವರು ಬರೆದುಕೊಟ್ಟ ವಿಶೇಷ ಆಹಾರ ಬಿಟ್ಟು ಏನೂ ಕೊಡಕೂಡದು, ಮಾಂಸದ ರುಚಿ ಸೇರಿಸಿದ ಮಾತ್ರೆ ಕೂಡ. ತುರಿಕೆ ಇಳಿದ ಮೇಲೆ ಹಳೆಯ ತಿನಿಸುಗಳನ್ನು ಒಂದೊಂದಾಗಿ ಕೊಟ್ಟು ನೋಡುವುದು. ತುರಿಕೆ ಮರಳಿದರೆ ಕಳ್ಳ ಸಿಕ್ಕಿದ. ಹೆಚ್ಚಾಗಿ ಸಿಕ್ಕಿಬೀಳುವವರು ದನದ ಮಾಂಸ, ಹಾಲು, ಕೋಳಿ, ಗೋಧಿ.

"ಹಾಲೂ ಇಲ್ಲ, ತುಪ್ಪಾನೂ ಇಲ್ವಾ? ಬಾಣಂತಿಗೂ ನಾನು ಇಂಥ ಪಥ್ಯ ಮಾಡ್ಸಿಲ್ಲ ಕಣೋ" ಎಂದರು ಅಮ್ಮ.

ಆದರೂ ತುರಿಕೆಯ ದಿನಚರಿ ಬರೆದಿಡುವ ಕೆಲಸ ಅವರೇ ವಹಿಸಿಕೊಂಡರು, ಊರಿಂದ ತಂದ ಪಂಚಾಂಗದ ಕ್ಯಾಲೆಂಡರಿನಲ್ಲಿ. 'ದಶಮಿ: ಬಲಗಾಲು. ಏಕಾದಶಿ: ಸ್ವಲ್ಪ ಆರಾಮ. ಚತುರ್ದಶಿ: ನಿದ್ದೆ ಮಾಡಿದ.' ಮರುದಿನ ಹುಣ್ಣಿಮೆ, ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅದಾದ ಬಿದಿಗೆಯ ಚೌಕದಲ್ಲಿ ಹೀಗಿತ್ತು: 'ಕಿವಿ, ಹೊಟ್ಟೆ, ನಾಲ್ಕೂ ಕಾಲು.'

ಪೂಜೆಯ ಪ್ರಸಾದ ಸಪಾದವೆಂದರೆ ಗೋಧಿ ರವೆ, ಹಾಲು, ತುಪ್ಪ. ವೈದ್ಯೆಯ ಪಟ್ಟಿಯೇ ಬಾಣಲೆಗೆ ಬಿದ್ದಂತಾಗಿತ್ತು. ಅದರಲ್ಲಿದ್ದ ಒಣದ್ರಾಕ್ಷಿ ಅಲರ್ಜಿ ಇಲ್ಲದ ನಾಯಿಯ ಮೂತ್ರಪಿಂಡಕ್ಕೂ ವಿಷ. ಪುಣ್ಯಕ್ಕೆ ದ್ರಾಕ್ಷಿಯನ್ನೆಲ್ಲ ಮಂಗಳಾರತಿಗೆ ಮುಂಚೆಯೇ ಮಗ ಆರಿಸಿ ತಿಂದಿದ್ದ. ಕೊಟ್ಟವರು ಯಾರು? ಯಾರೂ ಇಲ್ಲ. ಸಂಜೆಯ ಹೊತ್ತಿಗೆ ಅಮ್ಮ, "ಪ್ರಸಾದ ಊಟದ ಲೆಕ್ಕಕ್ಕೆ ಬರಲ್ಲ" ಎಂದರು. ಮಗಳ ಕೈಯಿಂದ ಅದು 'ತಾನಾಗೇ' ಜಾರಿತ್ತು. ಪಥ್ಯದ ಚಾರ್ಟನ್ನು ಫ್ರಿಜ್ಜಿಗೆ ಅಂಟಿಸಿದ ಹೆಂಡತಿಯೂ, "ಬೆರಳಿಗೆ ಅಂಟಿದ್ದಷ್ಟೇ ನೆಕ್ಕಿದಾನೆ" ಎಂದಳು.

ಮೂರೂ ಒಟ್ಟಿಗೇ ಹೊಟ್ಟೆಗೆ ಹೋದದ್ದರಿಂದ ಕಳ್ಳ ಯಾರೆಂದು ಹೇಳಲಾಗದು, ಮತ್ತೆ ಮೊದಲಿಂದ ಶುರುಮಾಡಿ ಎಂದರು ವೈದ್ಯೆ. ತುರಿಕೆ ತಡೆಯಲು 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆಪೊಕ್ವೆಲ್ ಮಾತ್ರೆ ಬರೆದುಕೊಟ್ಟರು. ಬಿಲ್ಲು ನೋಡಿ ನಾನೇ ಕೆರೆದುಕೊಂಡೆ.

ಊರಲ್ಲೇ ಉಳಿದಿದ್ದ ಅಪ್ಪ, ನಿವೃತ್ತ ಮೇಷ್ಟ್ರು, ವಿಡಿಯೊ ಕಾಲ್‌ನಲ್ಲಿ ಇತಿಹಾಸ ತೆಗೆದರು. "ನಮ್ಮ ಕೇದಾರೇಶ್ವರ ಗುಡಿಯ ಕೋಡಿಮಠ ನೋಡು. ಬಿಜ್ಜಳನ ಕಾಲದ 1162ರ ಶಾಸನದಲ್ಲೇ ಇದೆ. ದಿಕ್ಕಿಲ್ಲದವರಿಗೆ ಅನ್ನ, ರೋಗಿಗಳಿಗೆ ಔಷಧ, ಸಕಲ ಜೀವಿಗಳಿಗೂ ಅಭಯ. ನಿಮ್ಮಲ್ಲಿ ಒಂದು ನಾಯಿಗೆ ಚಮಚ ತುಪ್ಪಕ್ಕೂ ಗತಿಯಿಲ್ವೇನೋ?"

"ಅಲ್ಲಿ ಹಸಿದವನಿಗೆ ಅನ್ನ, ರೋಗಿಗೆ ಔಷಧ ಕೊಡ್ತಿದ್ರಪ್ಪ. ಇಲ್ಲಿ ಅನ್ನ ಹಾಕಿ ಹಾಕಿಯೇ ರೋಗಿ ಮಾಡ್ತಿದೀವಿ."

ಅಪ್ಪ ತಕ್ಷಣ ಪಕ್ಷ ಬದಲಿಸಿದರು. "ಹಂಗಾದ್ರೆ ಬರೀ ಚಾರ್ಟ್ ಅಂಟಿಸಿದ್ರೆ ಯಾರು ಕೇಳ್ತಾರೆ? ಶಾಸನದ ಕೊನೇಲಿ ಶಾಪ ಇರ್ತಿತ್ತು. ಇದನ್ನ ಕೆಡಿಸಿದವರು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಅಂತ."

ಮಗಳಿಗೆ ಇಷ್ಟು ಸಾಕಾಯಿತು. ನಾಯಿಗೆ ತಿಂಡಿ ಕೊಟ್ಟವರು ಅರವತ್ತು ಸಾವಿರ ವರ್ಷ ಚಿಗಟವಾಗಿ ಹುಟ್ಟಲಿ ಎಂದು ಚಾರ್ಟಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಳು.

ಅಮ್ಮ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಆಗಲಿ ಬಿಡು. ಚಿಗಟ ಆದ್ರೆ ಮೈಲಾರಿ ಮೈಮೇಲೇ ಇರಬಹುದಲ್ಲ" ಎಂದು ರೊಟ್ಟಿ ಮುರಿದರು.